ಗರಸು ತುಂಬಿದ ಕುಂಡ

ಮಾಳಮಡ್ಡಿ, ಧಾರವಾಡ
17 ನವೆಂಬರ್ 2024, ರವಿವಾರ

ಗೌರಿ ಹುಣ್ಣಿಮೆ ಮುಗಿದು ಎರಡು ದಿನ. ತಾಟಿನಲ್ಲಿ ಇನ್ನೂ ನಾಲ್ಕು ಸಕ್ಕರೆ ಗೊಂಬೆ ಉಳಿದಿವೆ. ಬೆಳಿಗ್ಗೆ ಚಹಾ ಹಿಡಿದುಕೊಂಡು ಹಿತ್ತಲಿಗೆ ಹೋದರೆ ಕ್ಲೆಮ್ಯಾಟಿಸ್ ಬಳ್ಳಿಯಲ್ಲಿ ಮೊಗ್ಗು! ಎಣಿಸಿದೆ, ಹನ್ನೊಂದು. ಒಂದೊಂದೂ ಜೋಳದ ಕಾಳಿನಷ್ಟು. ಕೂಡಲೇ ಮಗಳಿಗೆ ಫೋಟೊ ಕಳಿಸಿದೆ.

ಕ್ಲೆಮ್ಯಾಟಿಸ್ ಬೆಳೆಸುವ ಈ ಆಸೆ ಹುಟ್ಟಿದ್ದೇ ಅವಳ ಮನೆಯಲ್ಲಿ. 2022ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಹೋಗಿದ್ದೆ. ಅವಳ ಬಾಗಿಲ ಪಕ್ಕ ಒಂದು ಕುಂಡದಲ್ಲಿ 'ಜೋ' ಎಂಬ ಗಿಡ್ಡ ಕ್ಲೆಮ್ಯಾಟಿಸ್ ಇತ್ತು. ವರ್ಷವಿಡೀ ಹಸಿರು. ಎಲೆ ಥೇಟ್ ಕೊತ್ತಂಬರಿ ಸೊಪ್ಪಿನ ಹಾಗೆ. ಹೂ ಬಿಟ್ಟಾಗಂತೂ ಎಲೆಯೇ ಕಾಣದಷ್ಟು ಬಿಳಿ. ಅದರ ಒಂದು ಮೂಲ ಜಾತಿ ಅಲ್ಲಿನ ಬೆಟ್ಟಗಳ ಅಮೃತಶಿಲೆಯ ಸಂದಿಯಲ್ಲಿ ಬೆಳೆಯುತ್ತದೆ, ಗೇಣು ಎತ್ತರವೂ ಇರುವುದಿಲ್ಲ. 'ಜೋ' ಗಂಡು ಗಿಡ, ಬೀಜ ಕಟ್ಟುವುದಿಲ್ಲ. ಗಿಡವನ್ನೇ ತರೋಣವೆಂದರೆ ವಿಮಾನದಲ್ಲಿ ಹಾಗೆಲ್ಲ ತರುವಂತಿಲ್ಲ.

ಮರುವರ್ಷ ಹಳಿಯಾಳ ದಾರಿಯ ಬೇಲಿಯ ಮೇಲೆ ಅದರ ಬಳಗದ್ದೇ ಕಾಡುಬಳ್ಳಿ ಸಿಕ್ಕಿತು, ಕ್ಲೆಮ್ಯಾಟಿಸ್ ಗೌರಿಯಾನಾ. ಬೀಜಕ್ಕೆ ಪುಕ್ಕದಂಥ ಬಾಲ. ತಂದು ಬಿತ್ತಿದೆ. ಎರಡು ಸಸಿ ಬದುಕಿದವು.

ಒಂದನ್ನು ಕಪ್ಪು ಎರೆ ಮಣ್ಣಿನ ಕುಂಡದಲ್ಲಿ ಇಟ್ಟೆ. ಒಳ್ಳೆಯ ಮಣ್ಣು ಅಲ್ವಾ, ಹುಲುಸಾಗಿ ಬೆಳೆಯುತ್ತದೆ ಅಂದುಕೊಂಡಿದ್ದೆ. ಈ ಜುಲೈ ಮಳೆಯಲ್ಲಿ ಎರಡೇ ದಿನಕ್ಕೆ ಜೋತುಬಿತ್ತು. ಕುಂಡ ಬೋರಲು ಹಾಕಿ ನೋಡಿದೆ. ಬೇರು ಕಪ್ಪಾಗಿ, ಮುಟ್ಟಿದರೆ ಸಿಪ್ಪೆ ಕಳಚಿ ಕೈಗೆ ಬಂತು. ಕೊಳೆತ ವಾಸನೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇರಿಗೆ ಉಸಿರಾಡಲು ಜಾಗವೇ ಇರುವುದಿಲ್ಲ. ಅವತ್ತು ನನಗೆ ಊಟ ಸೇರಲಿಲ್ಲ.

ಉಳಿದದ್ದು ಇದು. ಇದರ ಕುಂಡದ ತಳಕ್ಕೆ ಹಂಚಿನ ಚೂರು. ಮೇಲೆ ಜರಡಿ ಹಿಡಿದ ಗರಸು, ಅಂದರೆ ಹರಳು ಹರಳಾದ ಮಣ್ಣು, ಮೂರು ಪಾಲು, ಕೆಂಪು ಮಣ್ಣು ಎರಡು, ಹಳೆಯ ಸಗಣಿ ಗೊಬ್ಬರ ಒಂದು. ಬುಡಕ್ಕೆ ಬಿಸಿಲು ತಾಗದಂತೆ ಒಂದು ಫರಸಿ ಕಲ್ಲಿನ ತುಂಡು. ತಲೆಗೆ ಬಿಸಿಲು ಬೇಕು, ಬುಡ ಮಾತ್ರ ತಂಪಾಗಿರಬೇಕು.

ಈ ಬಳ್ಳಿ ಎಲೆಯ ತೊಟ್ಟಿನಿಂದಲೇ ಆಸರೆ ಹಿಡಿಯುತ್ತದೆ. ನಿನ್ನೆ ಸಂಜೆ ಒಂದು ತೊಟ್ಟನ್ನು ಸುಮ್ನೆ ಸುತಳಿಗೆ ತಾಗಿಸಿ ಬಂದಿದ್ದೆ. ಇವತ್ತು ನೋಡಿದರೆ ಕೊಂಡಿಯ ಹಾಗೆ ಬಾಗಿದೆ.

ಏಳು ಗಂಟೆಗೆ ಮಗಳ ಫೋನ್. ಅಲ್ಲಿ ಮಧ್ಯಾಹ್ನ ಎರಡೂವರೆ. "ಅವ್ವಾ, ಹೂ ಉದುರಿದ ಕೂಡ್ಲೆ ಕತ್ತರಿಸು, ನಾನು ಹಂಗ ಮಾಡ್ತೀನಿ" ಅಂದಳು. 'ಜೋ' ಹಳೆಯ ಕಡ್ಡಿಯಲ್ಲಿ ಹೂ ಬಿಡುವ ಗಿಡ, ಅದಕ್ಕೆ ಅದೇ ಸರಿ. ಇದು ಈ ಮಳೆಗಾಲದ ಹೊಸ ಚಿಗುರಲ್ಲೇ ಮೊಗ್ಗು ಕಟ್ಟಿದೆ. ಬೀಜ ಬಲಿತ ಮೇಲೆ ಕತ್ತರಿಸಿ ಗಿಡ್ಡಕ್ಕೆ ಇಡುತ್ತೇನೆ.

ಬೀಜ ಬೇಕೂ ಬೇಕು. ಪಕ್ಕದ ಮನೆ ವೈನಿ ಆಗಲೇ ಗೋಡೆಯಾಚೆಯಿಂದ ಕೇಳಿದರು, "ಹಾರಿ ಹೋಗೂಕಿಂತ ಮುಂಚೆ ನನಗೊಂದಿಷ್ಟು ತಗದಿಡ್ರಿ." ಗರಸಿನ ಚೀಲದಲ್ಲಿ ಅರ್ಧ ಉಳಿದಿದೆ. ಅದನ್ನೂ ಕೊಡುತ್ತೇನೆ.