ಟಿಸಿ ಸಾಹೇಬ್ರನ್ನು ವ್ಯಾನಿಗೆ ಹತ್ತಿಸಿದ ದಿನ

"ಬಿಡಿ, ಆಕೆಗೆ ಇನ್ನೊಂದು ನಾಯಿ ಸಿಗುತ್ತೆ. ನಾಯಿಗೇನು ಬರಗಾಲವಾ?" ಅಂದರು ಆಫೀಸಿನ ಗೆಳೆಯರೊಬ್ಬರು, ಊಟದ ಡಬ್ಬಿ ಮುಚ್ಚುತ್ತಾ. ಬಸ್ ನಿಲ್ದಾಣದಲ್ಲಿ ಹೂ ಮಾರುವ ಅಕ್ಕನ ಜೊತೆಗಿದ್ದ ಬೀದಿನಾಯಿಯನ್ನು ವ್ಯಾನಿನವರು ಹಿಡಿದುಕೊಂಡು ಹೋದದ್ದನ್ನು ನಾನು ಆಗಷ್ಟೇ ಹೇಳಿದ್ದೆ. ಬೇರೆ ಯಾರಾದರೂ ಹೀಗೆ ಅಂದಿದ್ದರೆ ಜಗಳ ಆಗುತ್ತಿತ್ತು. ಇವರ ಮಗಳಿಗೆ ಹೋದ ವರ್ಷ ಟ್ಯೂಷನ್ನಿನಿಂದ ಬರುವಾಗ ನಾಯಿ ಕಚ್ಚಿತ್ತು. ಮೊದಲ ದಿನ, ಮೂರನೇ ದಿನ, ಏಳನೇ ದಿನ ಅಂತ ಕ್ಯಾಲೆಂಡರ್ ನೋಡಿಕೊಂಡು ಇಂಜೆಕ್ಷನ್ ಹಾಕಿಸಿದ್ದರು. ಹುಡುಗಿ ಈಗಲೂ ನಾಯಿ ಕಂಡರೆ ರಸ್ತೆಯ ಆ ಬದಿಗೆ ಹೋಗುತ್ತಾಳೆ. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆ ವಾರಗಳಲ್ಲಿ ಅವರು ಹೇಗಿದ್ದರು ಅಂತ ನಾನು ನೋಡಿದ್ದೇನೆ. ಹಾಗಾಗಿ ಸುಮ್ನಿದ್ದೆ. ಆದರೆ ಆ ಮಾತು ಮಾತ್ರ ಗಂಟಲಲ್ಲೇ ಉಳಿಯಿತು.

ವಿಷಯ ಟಿಸಿ ಸಾಹೇಬ್ರದ್ದು. ನಮ್ಮ ತಾಲ್ಲೂಕಿನ ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್ ಕೂರುವ ಗೂಡಿನ ಕೆಳಗೆ ಮಲಗುವ ಕರಿ-ಬಿಳಿ ನಾಯಿಗೆ ಕಂಡಕ್ಟರುಗಳು ಇಟ್ಟ ಹೆಸರು ಅದು. ಟೀ ಅಂಗಡಿಯವನಿಗೆ ಅದು ರಾಜ. ಹೂವಿನ ಅಕ್ಕನಿಗೆ ಕರಿಯ. ಮೂರು ಹೆಸರಿಗೂ ತಲೆ ಎತ್ತುತ್ತಿತ್ತು, ಬನ್ನು ಕೈಯಲ್ಲಿದ್ದರೆ ನಾಲ್ಕನೆಯದಕ್ಕೂ. ಬೆಳಗಿನ ಮೊದಲ ಬಸ್ಸಿಗೆ ಮುಂಚೆಯೇ ಹೂವಿನ ಅಕ್ಕ ಬುಟ್ಟಿ ಇಳಿಸುತ್ತಾರೆ. ಆ ಕತ್ತಲಲ್ಲಿ ಹೆಂಗಸೊಬ್ಬಳು ಒಬ್ಬಳೇ ಕೂತು ಕನಕಾಂಬರ ಕಟ್ಟುವಾಗ ಪಕ್ಕದಲ್ಲಿ ಯಾರಿರುತ್ತಾರೆ ಹೇಳಿ? ಕುಡಿದು ಬಂದು ಬೆಂಚಿನ ಮೇಲೆ ಬಿದ್ದವರು. ಅವರಲ್ಲಿ ಯಾರಾದರೂ ಎದ್ದು ಬುಟ್ಟಿಯ ಕಡೆ ಬಂದರೆ ಕರಿಯ ಎದ್ದು ನಿಲ್ಲುತ್ತಿತ್ತು. ಬೊಗಳುತ್ತಿರಲಿಲ್ಲ, ಬರೀ ನಿಲ್ಲುತ್ತಿತ್ತು. ಅಷ್ಟೇ ಸಾಕಾಗುತ್ತಿತ್ತು.

ಸೋಮವಾರ ನಾಯಿ ಹಿಡಿಯುವ ವ್ಯಾನು ಬಂತು. ಬಲೆ ಹಿಡಿದ ಇಬ್ಬರು ಹುಡುಗರು, ಒಬ್ಬ ರಿಜಿಸ್ಟರ್ ಹಿಡಿದವನು. ಕ್ಯಾಂಟೀನಿನ ಹಿಂದಿದ್ದ ಎರಡು ನಾಯಿ ಸಿಕ್ಕವು. ಕರಿಯ ಮಾತ್ರ ಸಿಗಲಿಲ್ಲ, ಬಸ್ಸುಗಳ ಕೆಳಗೆ ಓಡಾಡಿಸಿತು. ಆಗ ಹೂವಿನ ಅಕ್ಕ ಎದ್ದರು. "ನಿಲ್ರಪ್ಪ, ಬಲೆ ಹಾಕಿ ಹೆದರಿಸ್ಬೇಡಿ, ನಾನೇ ಹಿಡ್ಕೊಡ್ತೀನಿ" ಅಂದರು. ಕರೆದರು. ಬಂತು. ಕುತ್ತಿಗೆ ಸವರಿ, ಎತ್ತಿ, ತಾವೇ ವ್ಯಾನಿನೊಳಗೆ ಬಿಟ್ಟರು. ಕೈಗೆ ಅಂಟಿದ ಕೂದಲನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೇಳಿದರು, "ಯಾವತ್ತು ತಂದು ಬಿಡ್ತೀರಾ?"

"ಈ ಸಲ ತರಲ್ಲಕ್ಕ. ಬಸ್ ಸ್ಟ್ಯಾಂಡ್ ಅಲ್ವಾ" ಅಂದ ರಿಜಿಸ್ಟರ್ ಹಿಡಿದ ಹುಡುಗ.

"ಹೋದ್ಸಲ ತಂದು ಬಿಟ್ರಲ್ಲಪ್ಪ?"

"ಹೋದ್ಸಲ ಬೇರೆ ರೂಲ್ಸು."

ವ್ಯಾನು ಹೋಯಿತು. ನನ್ನ ಬಸ್ಸೂ ಬಂತು, ನಾನು ಹತ್ತಿದೆ. ಬಸ್ಸಿನಲ್ಲಿ ಕೂತು ಎಷ್ಟು ಸಲ ಆ ನಾಲ್ಕು ಮಾತನ್ನು ತಿರುವಿ ಹಾಕಿದೆನೋ.

ಹುಡುಗ ಸುಳ್ಳು ಹೇಳಲಿಲ್ಲ ನೋಡಿ. ಸಂತಾನಶಕ್ತಿಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು ಅನ್ನುವುದು 2023ರ ನಿಯಮ. ಆಪರೇಷನ್ ಆದ ಗುರುತಿಗೆ ಕರಿಯನ ಕಿವಿಯ ತುದಿ ಕತ್ತರಿಸಿದ್ದರು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಿತು, ಹನ್ನೊಂದು ದಿನಕ್ಕೆ ಬೇರೆ ಪೀಠ ಅದನ್ನು ಸಡಿಲ ಮಾಡಿತು. ಅಬ್ಬಾ ಅಂತ ಎಲ್ಲರೂ ಉಸಿರು ಬಿಟ್ಟರು. ನವೆಂಬರ್ 7ಕ್ಕೆ ಇನ್ನೊಂದು ಆದೇಶ, ಇದು ಇಡೀ ದೇಶಕ್ಕೆ. ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದ ನಾಯಿಯನ್ನು ಮತ್ತೆ ಅಲ್ಲಿಗೆ ಬಿಡುವ ಹಾಗಿಲ್ಲ. ಟೀ ಅಂಗಡಿಯ ಟೀವಿಯಲ್ಲಿ ಇದು ಬಂದಿರಲೇಬೇಕು. ಆದರೆ ಸುಪ್ರೀಂ ಕೋರ್ಟು ಹೇಳುತ್ತಿರುವುದು ತನ್ನ ಕರಿಯನ ವಿಷಯ ಅಂತ ಹೂ ಮಾರುವ ಹೆಂಗಸಿಗೆ ಹೊಳೆಯುವುದಾದರೂ ಹೇಗೆ?

ಆಸ್ಪತ್ರೆ ವಾರ್ಡಿನಲ್ಲಿ ನಾಯಿ ಓಡಾಡಬಾರದು, ಶಾಲೆಯ ಅಂಗಳದಲ್ಲೂ ಬೇಡ. ಇದಕ್ಕೆ ನನ್ನ ತಕರಾರಿಲ್ಲ. ನನ್ನ ಮನಸ್ಸು ಕೆಡಿಸಿದ್ದು ಬೇರೆ. ಇಡೀ ವಾದದಲ್ಲಿ ಎರಡೇ ಗುಂಪಿನ ಸದ್ದು ಕೇಳಿಸಿತು. ಒಂದು, ನಾಯಿ ಬೇಡ ಅನ್ನುವ ಅಪಾರ್ಟ್‌ಮೆಂಟಿನವರು. ಇನ್ನೊಂದು, ರಾತ್ರಿ ಕಾರಿನಲ್ಲಿ ಬಂದು ಅನ್ನ ಹಾಕಿ, ವಿಡಿಯೋ ಮಾಡಿಕೊಂಡು ಹೋಗುವವರು. ಇವರಲ್ಲಿ ಕೆಲವರು ನಿಜವಾಗಿ ಒಳ್ಳೆಯವರು, ಆಪರೇಷನ್ನಿಗೆ ಕೈಯಿಂದ ದುಡ್ಡು ಹಾಕುತ್ತಾರೆ. ಇನ್ನು ಕೆಲವರಿಗೆ ನಾಯಿಗಿಂತ ಲೈಕು ಮುಖ್ಯ, ಅದನ್ನು ಹೇಳಲು ನನಗೇನೂ ಸಂಕೋಚವಿಲ್ಲ. ಎರಡೂ ಕಡೆಯವರಿಗೆ ವಕೀಲರಿದ್ದಾರೆ. ಪೌರಕಾರ್ಮಿಕರು, ಸೆಕ್ಯೂರಿಟಿಯವರು, ತಳ್ಳುಗಾಡಿಯವರು, ಹೂ ಮಾರುವವರು, ಇವರ ಮಾತನ್ನು ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಬೀದಿನಾಯಿಯ ಜೊತೆ ದಿನದ ಹತ್ತು ಗಂಟೆ ಇರುವವರು ಇವರು. ಕಚ್ಚಿದರೆ ಮೊದಲು ಕಚ್ಚಿಸಿಕೊಳ್ಳುವವರೂ ಇವರೇ.

ಸಾಕಲು ಮನೆ ಬೇಕು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಇರುವವರಿಗೆ ನಾಯಿ ಅಂದರೆ ಬೀದಿಯಲ್ಲಿರುವ ನಾಯಿಯೇ. ಬೀದಿ ಅದಕ್ಕೆ ಜಾಗ ಕೊಡುತ್ತದೆ, ಇವರು ತುತ್ತು ಕೊಡುತ್ತಾರೆ. ಆ ಸಂಬಂಧಕ್ಕೆ ಲೈಸೆನ್ಸಿಲ್ಲ, ಬೆಲ್ಟಿಲ್ಲ, ಲಸಿಕೆ ಕಾರ್ಡಿನಲ್ಲಿ ಮಾಲೀಕರ ಹೆಸರಿಲ್ಲ. ಹಾಗಾಗಿ ಕಿತ್ತುಕೊಂಡರೂ ಏನನ್ನೋ ಕಿತ್ತುಕೊಂಡೆವು ಅಂತ ಯಾವ ಕಾಗದದಲ್ಲೂ ದಾಖಲಾಗುವುದಿಲ್ಲ. ರಿಜಿಸ್ಟರಿನಲ್ಲಿ ಆ ಹುಡುಗ ಬರೆದದ್ದನ್ನು ನಾನು ಇಣುಕಿ ನೋಡಿದ್ದೆ. ಗಂಡು, ಕಪ್ಪು-ಬಿಳಿ, ಕಿವಿ ಕತ್ತರಿಸಿದೆ. ಹೆಸರಿನ ಕಾಲಮ್ಮೇ ಇರಲಿಲ್ಲ.

ನಮ್ಮ ಕನ್ನಡ ನಾಡಿನಲ್ಲಿ ನಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದವರೂ ಇದ್ದರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949ರ ಹೊತ್ತಿನದು. ಗಂಗರ ದೊರೆ ಬೂತುಗ ಮೆಚ್ಚಿ ಏನು ಬೇಕು ಕೇಳು ಅಂದಾಗ ಅವನ ಯೋಧ ಮಣಲೇರ ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಈ ಕಲ್ಲಿಗೆ ಪೂಜೆ ಮಾಡದೆ ಗೊರವ, ಅಂದರೆ ಶಿವನ ಗುಡಿಯ ಪೂಜಾರಿ, ಊಟ ಮಾಡಬಾರದು ಅಂತಲೂ ಬರೆಸಿದರು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಳಿ ದೊಡ್ಡವರ ಬೇಟೆ ನಾಯಿ, ಒಪ್ಪಿದೆ. ಒಬ್ಬ ಕುಡುಕನನ್ನು ಬುಟ್ಟಿಯಿಂದ ದೂರ ನಿಲ್ಲಿಸುವುದಕ್ಕೆ ಯಾರು ಕಲ್ಲು ಹಾಕಿಸುತ್ತಾರೆ?

ಗುರುವಾರ ಸಂಬಂಧಪಟ್ಟ ಕಚೇರಿಗೆ ಫೋನ್ ಮಾಡಿದೆ. ಎತ್ತಿದವರು ಮರ್ಯಾದೆಯಿಂದಲೇ ಮಾತಾಡಿದರು. ಬೇಕಿದ್ದರೆ ದತ್ತು ತಗೋಬಹುದು, ಅರ್ಜಿ ಕೊಡಿ, ಆದರೆ ಮತ್ತೆ ಬೀದಿಗೆ ಬಿಡುವ ಹಾಗಿಲ್ಲ, ಬಾಡಿಗೆ ಮನೆಯಾದರೆ ಓನರ್ ಒಪ್ಪಿಗೆ ಬೇಕು ಅಂದರು. ಹೂವಿನ ಅಕ್ಕನಿಗೆ ಹೇಳಿದೆ. "ಓನರ್ರು ನನ್ನ ತಮ್ಮ ಬಂದು ಮಲ್ಕೊಂಡ್ರೇ ಒಪ್ಪಲ್ಲ" ಅಂದರು. ಬಂದು ನೋಡಿ ಹೋಗಬಹುದಾ ಅಂತ ನಾನು ಕೇಳಿದ್ದಕ್ಕೆ ಕಚೇರಿಯವರು, "ಹಾಗೆ ನೋಡೋಕೆ ಯಾರೂ ಬಂದಿಲ್ವಲ್ಲ ಸಾರ್" ಅಂದಿದ್ದರು. ಅದನ್ನೂ ಹೇಳಿದೆ. "ಬೇಡ ಅಂದಿಲ್ಲ ತಾನೇ?" ಅಂತ ಅಕ್ಕ ಹಿಡಿದುಕೊಂಡರು.

ಶೆಲ್ಟರು ಊರಾಚೆ. ಕ್ರಾಸಿನಲ್ಲಿ ಇಳಿದು ನಡೆಯಬೇಕು. ನಿಜವಾದ ಟಿಸಿ ತಮ್ಮ ಗೂಡಿನಿಂದಲೇ ಟೈಮ್ ಹೇಳಿದರು. ಆ ರೂಟಿನ ಕಂಡಕ್ಟರು ಟೀ ಕುಡಿಯುತ್ತಾ ನಿಂತಿದ್ದವರು, "ಶನಿವಾರ ನಂದೇ ಡ್ಯೂಟಿ, ಬಾ ಅಕ್ಕ. ನಿಂಗೆ ಹೆಂಗೂ ಶಕ್ತಿ ಯೋಜನೆ, ಫ್ರೀ. ಅವನನ್ನ ಕರ್ಕೊಂಡು ಬಂದ್ರೆ ಮಾತ್ರ ಟಿಕೆಟ್ ಹರೀಬೇಕಾಗುತ್ತೆ" ಅಂದರು.

ಅಕ್ಕ ಮಲ್ಲಿಗೆಯ ದಾರವನ್ನು ಮೊಳಕ್ಕೆ ಅಳೆಯುತ್ತಾ, "ಹರಿ ಹರಿ, ಅವನು ಗಂಡಸಲ್ವಾ" ಅಂದರು. ಟೀ ಅಂಗಡಿಯವನು ನಕ್ಕು ನಕ್ಕು ಲೋಟ ಚೆಲ್ಲಿಕೊಂಡ.