6/9 ಬಂತು, ಕೈ ಮುರೀತು

ವಿಜಯಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ನನ್ನದು ಕೌನ್ಸೆಲಿಂಗ್ ಟೇಬಲ್. ಪೊರೆ ಆಪರೇಷನ್‌ಗೆ ಎ-ಸ್ಕ್ಯಾನ್ (ಒಳಗೆ ಕೂರಿಸೋ ಲೆನ್ಸಿನ ನಂಬರ್‌ಗಾಗಿ ಕಣ್ಣಿನ ಅಳತೆ) ಮುಗಿಸಿ ಬಂದವರಿಗೆ ಲೆನ್ಸ್ ಪ್ಯಾಕೇಜ್ ಹೇಳೋದು, ಫಿಟ್‌ನೆಸ್ ನೋಡೋದು, ಡೇಟ್ ಕೊಡೋದು. "ಈ ವಯಸ್ಸಿಗೆ ಆಪರೇಷನ್ ಯಾಕ್ ಬೇಕ್ರಿ" ಅನ್ನೋ ಹಿರಿಯರಿಗೆ ನನ್ನ ಉತ್ತರ ರೆಡಿ ಇರುತ್ತಿತ್ತು: "ಮಾಡಿಸ್ಕೊಂಡ್ರ ಬೀಳಂಗಿಲ್ರಿ."

ಸುಮ್ನೆ ಹೇಳಿದ್ದಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 70 ದಾಟಿದ 306 ಹೆಂಗಸರ ಮೇಲೆ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಗಿತ್ತು. ಮೊದಲ ಕಣ್ಣಿನ ಪೊರೆ ಬೇಗ ತೆಗೆಸಿಕೊಂಡವರಲ್ಲಿ, ಸರದಿಗೆ ಕಾದವರಿಗಿಂತ ಬೀಳೋದು ಶೇ. 34ರಷ್ಟು ಕಡಿಮೆ. ನಮ್ಮ ಡಾಕ್ಟರು ಕ್ಲಾಸಿನಲ್ಲಿ ಹೇಳಿದ್ದು 'ಕಡಿಮೆ'. ನನ್ನ ಟೇಬಲ್‌ಗೆ ಬರುವಷ್ಟರಲ್ಲಿ ಅದು 'ಇಲ್ಲವೇ ಇಲ್ಲ' ಆಗಿತ್ತು.

ಇಂಡಿ ಕಡೆಯ ಒಬ್ಬ ಆಯಿ, ಒಂದು ಕಣ್ಣಿನ ಆಪರೇಷನ್ ಆಗಿ ಮೊದಲ ವಾರದ ರಿವ್ಯೂಗೆ ಬಂದಳು. ಮೊಮ್ಮಗ ಬಾಗಿಲಲ್ಲೇ ಹೇಳಿದ, "ಸಿಸ್ಟರ್, ಆಯಿ ನಿನ್ನೆ ನಸುಕಿನ್ಯಾಗ ಕಟ್ಟಿ ಇಳಿಯಾಕ ಹೋಗಿ ಬಿದ್ದಾಳ್ರಿ."

ಟೋಕನ್ ಎಲ್ಲ ಬಿಟ್ಟು ಸೀದಾ ಸ್ಲಿಟ್ ಲ್ಯಾಂಪ್ (ಕಣ್ಣು ದೊಡ್ಡದಾಗಿ ತೋರಿಸೋ ಮಷಿನ್) ಮುಂದೆ ಕೂರಿಸಿದೆವು. ಎಲ್ಲರ ತಲೆಯಲ್ಲೂ ಒಂದೇ: ಗಾಯ ಬಿಚ್ಚಿರಬಹುದು, ಲೆನ್ಸ್ ಸರಿದಿರಬಹುದು. ಓಟಿ ಸಿಸ್ಟರ್ "ತಲಿಗೆ ನೀರ್ ಹಾಕ್ಕೊಂಡ್ರೇನು?" ಅಂತ ಬೈಯೋಕೆ ಶುರು. ಬಣ್ಣದ ಸ್ಟ್ರಿಪ್ ಹಚ್ಚಿ ನೋಡಿದರು, ಗಾಯದಿಂದ ಲೀಕ್ ಇಲ್ಲ. ಕಣ್ಣಿನ ಪ್ರೆಷರ್ ಸರಿ. ಲೆನ್ಸ್ ನಡುಮಧ್ಯೆ. ಚಾರ್ಟ್ ಓದಿಸಿದರೆ 6/9, ಅಂದರೆ ನೋಟ ಹೆಚ್ಚುಕಡಿಮೆ ಪೂರ್ತಿ. ಡಾಕ್ಟರು ಉಸಿರು ಬಿಟ್ಟರು, ನಾನೂ ಬಿಟ್ಟೆ.

ಇನ್ನೊಮ್ಮೆ ನೋಡೋಣ ಅಂತ ಡಾಕ್ಟರು ಹೇಳಿದಾಗ ಆಯಿ ಎಡಗೈಯಿಂದ ಮಾತ್ರ ಹಿಡಿಕೆ ಹಿಡಿದಿದ್ದಳು. "ಎರಡೂ ಕೈಲೆ ಹಿಡ್ಕೊ ಆಯಿ" ಅಂತ ನಾನೇ ಸೆರಗಿನೊಳಗಿಂದ ಬಲಗೈ ಎಳೆದೆ. ಆಕೆ ಕಿರುಚಿದ್ದಕ್ಕೆ ಇಡೀ ಓಪಿಡಿ ತಿರುಗಿ ನೋಡಿತು. ಮಣಿಕಟ್ಟು ಊದಿ ಸೊಟ್ಟ ಆಗಿತ್ತು. ಅಷ್ಟು ಹೊತ್ತು ನಮ್ಮಲ್ಲಿ ಯಾರೂ "ಎಲ್ಲಿ ಪೆಟ್ಟಾತು?" ಅಂತ ಕೇಳಿರಲಿಲ್ಲ. ಆಯಿಯೂ ಹೇಳಲಿಲ್ಲ. ಕಣ್ಣಿನ ಆಸ್ಪತ್ರೆಯಲ್ಲಿ ಕೈ ನೋವು ಯಾರಿಗೆ ಹೇಳೋದು, ಅಲ್ವಾ?

ಎಕ್ಸ್‌ರೇಗೆ ಕಳಿಸುವಾಗ ಮೊಮ್ಮಗ ಅಂದ, "ಇನ್ನ ಬೀಳಂಗಿಲ್ಲ ಅಂತ ನೀವೇ ಹೇಳಿದ್ರಲ್ರಿ." ನಾನು ಫೈಲ್ ಹುಡುಕುವವಳಂತೆ ತಲೆ ಬಗ್ಗಿಸಿದೆ.

ಆಮೇಲೆ ಅವನು ಚೀಲದಿಂದ ಆಯಿಯ ಹಳೇ ಕನ್ನಡಕ ತೆಗೆದ. ದೂರಕ್ಕೆ ದಪ್ಪ ಮೈನಸ್, ಕೆಳಗೆ ಓದೋ ನಂಬರ್. ಬೀಳುವಾಗಲೂ ಅದೇ ಹಾಕಿಕೊಂಡಿದ್ದಳಂತೆ. ಒಳಗೆ ಹೊಸ ಲೆನ್ಸ್ ಕೂತಿರೋದರಿಂದ ಆಪರೇಷನ್ ಆದ ಕಣ್ಣಿಗೆ ಆ ಮೈನಸ್ ಬೇಕಾಗೇ ಇಲ್ಲ. ಹಾಕಿದರೆ ಮಸುಕು, ಎಲ್ಲ ಚಿಕ್ಕದಾಗಿ ಕಾಣುತ್ತೆ. ಇನ್ನೊಂದು ಕಣ್ಣಲ್ಲಿ ಪೊರೆ ಹಾಗೇ ಇದೆ. ಕೆಳಗೆ ನೋಡಿದರೆ ಓದೋ ಗಾಜು ಅಡ್ಡ. ಮೆಟ್ಟಿಲು ಎಲ್ಲಿದೆ ಅಂತ ತಿಳಿಯೋದಾದರೂ ಹೇಗೆ? ನಮ್ಮ ಡಿಸ್ಚಾರ್ಜ್ ಕಾರ್ಡಲ್ಲಿ "ಒಂದು ತಿಂಗಳ ನಂತರ ಹೊಸ ಕನ್ನಡಕ" ಅಂತಷ್ಟೇ ಇದೆ, ಅದೂ ಇರುವೆ ಸೈಜಿನ ಅಕ್ಷರದಲ್ಲಿ. ಆ ತಿಂಗಳು ಏನು ಹಾಕಬೇಕು ಅನ್ನೋದು ಇಲ್ಲ.

ಈಗ ಡೇಟ್ ಕೊಡುವ ಮೊದಲೇ ಮನೆಯ ಕನ್ನಡಕ ತರಿಸಿ ನೋಡುತ್ತೇನೆ. ನಂಬರ್ ಕಡಿಮೆ ಇದ್ದರೆ ಆಪರೇಷನ್ ಆದ ಕಡೆ ನಂಬರ್ ಇಲ್ಲದ ಪ್ಲೇನ್ ಗ್ಲಾಸ್ ಸಾಕಾಗಬಹುದು. ಜಾಸ್ತಿ ಇದ್ದರೆ ಅದೂ ಕೆಲಸಕ್ಕೆ ಬರೋಲ್ಲ. ಎರಡು ಕಣ್ಣಿಗೆ ಎರಡು ಸೈಜಿನ ಚಿತ್ರ ಬಂದು ತಲೆ ತಿರುಗುತ್ತೆ. ಅಂಥವರ ಫೈಲ್ ಡಾಕ್ಟರ ಮುಂದಿಟ್ಟು ಎರಡನೇ ಕಣ್ಣು ಬೇಗ ಮಾಡೋಕೆ ಆಗುತ್ತಾ ಅಂತ ಕೇಳುತ್ತೇನೆ. "ಬೀಳಂಗಿಲ್ಲ" ಅನ್ನೋದನ್ನ ಬಿಟ್ಟಿದ್ದೇನೆ.

ಸಾಫ್ಟ್‌ವೇರ್‌ನ ಫಾಲೋ-ಅಪ್ ಪೇಜಲ್ಲಿ ನೋವು, ಕೆಂಪು, ಕೀವು ಎಲ್ಲಕ್ಕೂ ಟಿಕ್ ಇದೆ, 'ಬಿದ್ದರು' ಅನ್ನೋದಕ್ಕಿಲ್ಲ. ಸೇರಿಸಿ ಅಂದರೆ ಮ್ಯಾನೇಜರು "ಅದು ಕಣ್ಣಿನ ಕಾಂಪ್ಲಿಕೇಶನ್ ಅಲ್ರಿ, ರಿಮಾರ್ಕ್ಸ್‌ನಾಗ ಬರೀರಿ" ಅಂದರು. ಬರೆಯುತ್ತಿದ್ದೇನೆ. ಆ ಕಾಲಂ 50 ಅಕ್ಷರಕ್ಕೇ ನಿಲ್ಲುತ್ತೆ.