ಫುಟ್‌ಪಾತ್ ಅಳೆಯಬೇಕಾದ್ದು ಡಬ್ಬಿಯ ಎದುರು

ಚೈನೇಜ್ 340ರಲ್ಲಿ, ಅಂದರೆ ರಸ್ತೆಯ ಆರಂಭದಿಂದ 340ನೇ ಮೀಟರಿನಲ್ಲಿ, ಟೇಪ್ 1.15 ಮೀಟರಿಗೆ ನಿಂತಿತು. ನಮ್ಮ ಡಿಪಿಆರ್‌ನಲ್ಲಿ (ವಿವರವಾದ ಯೋಜನಾ ವರದಿ) ಅದೇ ಜಾಗದ ಫುಟ್‌ಪಾತ್ ಅಗಲ 2.4 ಎಂದು ಬರೆದಿತ್ತು.

ಪುಣೆ ಜಿಲ್ಲೆಯ ಒಂದು ನಗರ ಪರಿಷತ್ತಿನ ಕೆಲಸ ಅದು. ಶಾಲೆಯಿಂದ ಬಸ್ ನಿಲ್ದಾಣದವರೆಗೆ 1.2 ಕಿಲೋಮೀಟರ್, ಒಂದು ಬದಿಗೆ ಫುಟ್‌ಪಾತ್, ಎದುರು ಬದಿಗೆ ಸೈಕಲ್ ಟ್ರ್ಯಾಕ್. ಹಣ ಅನುದಾನದ್ದು. ಎರಡನೇ ಕಂತು ಬಿಡಬೇಕಾದರೆ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಜೊತೆಗೆ ಟಿಪಿಐ, ಅಂದರೆ ಹೊರಗಿನ ಮೂರನೇ ಸಂಸ್ಥೆಯ ತಪಾಸಣೆಯ ವರದಿಯೂ ಬೇಕು. ಟಿಪಿಐ ಎಂಜಿನಿಯರ್ ಡ್ರಾಯಿಂಗ್ ಬಿಚ್ಚಲೇ ಇಲ್ಲ. ನೇರವಾಗಿ ಫೀಡರ್ ಪಿಲ್ಲರ್, ಅಂದರೆ ರಸ್ತೆಬದಿಯ ವಿದ್ಯುತ್ ವಿತರಣಾ ಡಬ್ಬಿಯ ಹತ್ತಿರ ಹೋದರು. ಟೇಪ್ ಹಿಡಿಸಿದ್ದು ತಗಡಿನ ಡಬ್ಬಿಯಿಂದಲ್ಲ, ಅದರ ಕೆಳಗಿನ ಕಾಂಕ್ರೀಟ್ ಕಟ್ಟೆಯ ಅಂಚಿನಿಂದ. ಕಟ್ಟೆಯೇ 90 ಸೆಂಟಿಮೀಟರ್. ಅದರ ಹಿಂದೆ, ಕಾಂಪೌಂಡ್ ಗೋಡೆಗೆ ಮೊದಲು, ಯಾರೂ ನಡೆಯಲಾಗದ 35 ಸೆಂಟಿಮೀಟರ್ ಸಂದು. ಉಳಿದದ್ದೇ 1.15. ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯಾದ ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) 103 ಕೇಳುವುದು ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರ. ಅವರು ಫೋಟೊ ತೆಗೆದುಕೊಂಡರು, ಚೈನೇಜ್ ಬರೆದುಕೊಂಡರು, ಏನೂ ಮಾತಾಡಲಿಲ್ಲ. ಪರಿಷತ್ತಿನ ಜೂನಿಯರ್ ಎಂಜಿನಿಯರ್ ನಮ್ಮ ಮುಖ ನೋಡಿದರು. ಹೇಳುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ.

ಏಕೆಂದರೆ ಎಚ್ಚರಿಕೆ ಮೊದಲೇ ಸಿಕ್ಕಿತ್ತು. ಆ ಸೈಟಿನ ಗ್ಯಾಂಗ್ ಪೂರ್ತಿ ಇಂಡಿ, ಆಳಂದ ಕಡೆಯದು. ಪೇವರ್ ಕೆಳಗಿನ ಮರಳು ಹಾಸುವಾಗಲೇ ಗ್ಯಾಂಗಿನ ಮುಖ್ಯಸ್ಥ, ಮುಕಾದಮ, ಹೇಳಿದ್ದ: “ಸಾಹೇಬ್ರ, ಈ ಡಬ್ಬಿ ಸರಿಸೂ ತನಕಾ ಇಲ್ಲಿ ಪೇವರ್ ಹಾಕೂದು ಬ್ಯಾಡ್ರಿ, ಆಮ್ಯಾಲ ಮತ್ತ ಕೀಳಬೇಕಾಗ್ತದ.” ಆಗ ಫೆಬ್ರವರಿ ಕೊನೆ. ಮಾರ್ಚ್ 31ರೊಳಗೆ ಖರ್ಚು ತೋರಿಸದಿದ್ದರೆ ಕಂತು ಮುಂದಕ್ಕೆ ಹೋಗುತ್ತದೆ. “ಹಾಕಿಬಿಡು, ಡಬ್ಬಿ ಆಮೇಲೆ ಸರಿಯುತ್ತದೆ” ಎಂದೆವು. ತಪ್ಪಾದದ್ದು ಅಲ್ಲಿ.

ಡಬ್ಬಿ ಹಾಗೆಲ್ಲ ಸರಿಯುವುದಿಲ್ಲ. ಅದು ಡಿಪಾಸಿಟ್ ವರ್ಕ್, ಹಣ ಮೊದಲೇ ಕಟ್ಟಿ ವಿದ್ಯುತ್ ಕಂಪನಿಯ ಮೂಲಕ ಆಗಬೇಕಾದ ಕೆಲಸ. ಜಂಟಿ ಪರಿಶೀಲನೆ, ವಿದ್ಯುತ್ ಕಂಪನಿಯ ಎಸ್ಟಿಮೇಟ್, ಡಿಮಾಂಡ್ ನೋಟ್, ಹಣ ಕಟ್ಟುವುದು, ಕೊನೆಗೆ ಕರೆಂಟ್ ನಿಲ್ಲಿಸುವ ಶಟ್‌ಡೌನ್. ಎಲ್ಲ ಸಲೀಸಾಗಿ ನಡೆದರೂ ಮೂರು ನಾಲ್ಕು ತಿಂಗಳು ಹಿಡಿದೇ ಹಿಡಿಯುತ್ತದೆ. ಹತ್ತನೇ, ಹನ್ನೆರಡನೇ ಪರೀಕ್ಷೆ ನಡೆಯುವಾಗ ಶಟ್‌ಡೌನ್ ಕೇಳುವುದೇ ವ್ಯರ್ಥ. ಹಣದ ಪ್ರಶ್ನೆ ಬೇರೆ. ನಮ್ಮ ಮಂಜೂರಾತಿ ಪತ್ರದಲ್ಲಿ ಯುಟಿಲಿಟಿ ಶಿಫ್ಟಿಂಗ್ (ಕಂಬ, ಡಬ್ಬಿಗಳಂಥವನ್ನು ಸರಿಸುವುದು) ಅನುದಾನದಿಂದ ಹೊರಗೆ, ಪರಿಷತ್ತಿನ ಸ್ವಂತ ನಿಧಿಯಿಂದಲೇ ಭರಿಸಬೇಕು ಎಂದು ಎರಡನೇ ಪುಟದಲ್ಲೇ ಇತ್ತು. ಡಿಎಸ್‌ಆರ್ (ಸರ್ಕಾರಿ ದರಪಟ್ಟಿ) ದರ ಹಾಕುವ ಗಡಿಬಿಡಿಯಲ್ಲಿ ಆ ಸಾಲಿಗೆ ಎಸ್ಟಿಮೇಟಿನಲ್ಲಿ ಒಂದು ಬಾಬ್ತು ಕೂಡ ಇಟ್ಟಿರಲಿಲ್ಲ.

ಅನುದಾನ ಎಂದರೆ ಪೂರ್ತಿ ಹಣ ಮೇಲಿಂದ ಬರುತ್ತದೆ ಎಂಬ ಭ್ರಮೆ ಊರಿನಲ್ಲಿ ಮಾತ್ರವಲ್ಲ, ಕಚೇರಿಗಳಲ್ಲೂ ಇದೆ. ಕೇಂದ್ರದ ಹಳೆಯ ನಗರಾಭಿವೃದ್ಧಿ ಯೋಜನೆ ಜೆಎನ್‌ನರ್ಮ್ ಕಾಲದಲ್ಲೇ 10ರಿಂದ 40 ಲಕ್ಷ ಜನಸಂಖ್ಯೆಯ ನಗರಗಳಿಗೆ ಕೇಂದ್ರದ ಪಾಲು ಶೇ. 50, ರಾಜ್ಯದ್ದು 20, ಉಳಿದ 30 ಸ್ಥಳೀಯ ಸಂಸ್ಥೆಯದ್ದಾಗಿತ್ತು. ಪಾಲಿನ ಲೆಕ್ಕ ಯೋಜನೆಯಿಂದ ಯೋಜನೆಗೆ ಬದಲಾಗುತ್ತದೆ, ಆದರೆ ಹೆಚ್ಚುವರಿ ಖರ್ಚು ಬಂದು ಬೀಳುವುದು ಸ್ಥಳೀಯ ಸಂಸ್ಥೆಯ ತಲೆಯ ಮೇಲೇ. 2022ರ ಜುಲೈ 18ರಂದು ರಸ್ತೆ ಕಾಮಗಾರಿಯ ಜಿಎಸ್‌ಟಿ 12ರಿಂದ 18ಕ್ಕೆ ಏರಿತು. ಹಳೆಯ ದರದಲ್ಲಿ ಎಸ್ಟಿಮೇಟ್ ಕಟ್ಟಿದವರಿಗೆ 1 ಕೋಟಿಯ ಕೆಲಸಕ್ಕೆ 6 ಲಕ್ಷ ಕೊರತೆ. ಅನುದಾನದ ಮೊತ್ತ ಹೆಚ್ಚುವುದಿಲ್ಲ. ಯೋಜನೆಯ ಹಣ ಇಡುವ ಎಸ್‌ಎನ್‌ಎ ಖಾತೆಯ ಬಡ್ಡಿಯಿಂದ ಸರಿದೂಗಿಸೋಣ ಎಂದರೆ ಅದನ್ನೂ ಹಿಂದಿರುಗಿಸಬೇಕು.

ಚೈನೇಜ್ 340ರಲ್ಲಿ ಕೊನೆಗೆ ಡಬ್ಬಿ ಅಲ್ಲೇ ಉಳಿಯಿತು, ಫುಟ್‌ಪಾತಿನ ಅಂಚುಗಲ್ಲು, ಅಂದರೆ ಕರ್ಬ್, ಸರಿಯಿತು. ಪಿಲ್ಲರ್ ಎದುರು 14 ಮೀಟರ್ ಉದ್ದಕ್ಕೆ ಕರ್ಬನ್ನು ಪಾರ್ಕಿಂಗ್ ಜಾಗದೊಳಗೆ 65 ಸೆಂಟಿಮೀಟರ್ ಹೊರಗೆ ತಂದೆವು. ಎರಡು ಕಾರಿನ ಜಾಗ ಹೋಯಿತು. ಅಂಗಡಿಯವರು ಎರಡು ದಿನ ಜಗಳವಾಡಿದರು. ಡಬ್ಬಿ ಸರಿಸುವುದಕ್ಕಿಂತ ಇದು ತುಂಬ ಅಗ್ಗ, ಹನ್ನೊಂದು ದಿನದ ಕೆಲಸ. ಒಂದು ಎಚ್ಚರ ಬೇಕು: ಕರ್ಬ್ ಹೊರಗೆ ಬಂದರೆ ಮಳೆನೀರಿನ ಚೇಂಬರ್ ಫುಟ್‌ಪಾತ್ ಒಳಗೆ ಸಿಕ್ಕಿಕೊಳ್ಳುತ್ತದೆ. ಹೊಸ ಅಂಚಿಗೆ ಗ್ರೇಟಿಂಗ್ ಕೂರಿಸಿ ಹಳೆಯ ಚೇಂಬರಿಗೆ ಪೈಪ್ ಜೋಡಿಸದಿದ್ದರೆ ಜೂನ್ ಮೊದಲ ಮಳೆಗೇ ಅಲ್ಲಿ ಕೆರೆ. ಎದುರು ಬದಿಯ ಸೈಕಲ್ ಟ್ರ್ಯಾಕಿನಲ್ಲೂ ಗ್ರೇಟಿಂಗ್ ಬದಲಿಸಿದೆವು. ಪಟ್ಟಿಗಳು ಸೈಕಲ್ ಹೋಗುವ ದಿಕ್ಕಿಗೇ ಇದ್ದವು. ಸಪೂರ ಚಕ್ರ ಸಂದಿಯಲ್ಲಿ ಇಳಿದರೆ ಸವಾರ ಮುಂದಕ್ಕೆ ಬೀಳುತ್ತಾನೆ. ಪಟ್ಟಿ ಅಡ್ಡಡ್ಡ ಇರಬೇಕು.

ಈಗ ಡಿಪಿಆರ್‌ಗೆ ಮುಂಚೆ ಅಡೆತಡೆಗಳ ಪಟ್ಟಿ. ಹತ್ತು ಮೀಟರಿಗೊಮ್ಮೆ ಅಗಲ ಅಳೆಯುವುದಷ್ಟೇ ಸಾಲದು. ಪ್ರತಿ ಕಂಬ, ಮರ, ಡಬ್ಬಿ, ಫಲಕದ ಕಾಲಿನ ಎದುರು ಟೇಪ್ ಹಿಡಿಯಬೇಕು. ಚೈನೇಜ್, ವಸ್ತು, ಯಾರದ್ದು, ಕಟ್ಟೆಯ ಅಂಚಿನಿಂದ ಕರ್ಬ್‌ವರೆಗೆ ಉಳಿಯುವ ಅಗಲ, ಅಲ್ಲಿ ಏನು ಮಾಡುವುದು, ಇಷ್ಟು ಕಾಲಂ. ಮರಕ್ಕೆ ಕೊಂಬೆಯ ಎತ್ತರವನ್ನೂ ಬರೆಯುತ್ತೇವೆ. ಮೊದಲು ಕರ್ಬ್ ಸರಿಸಲಾಗುತ್ತದೆಯೇ ನೋಡುವುದು. ಆಗದಿದ್ದರೆ ಮಾತ್ರ ಶಿಫ್ಟಿಂಗ್. ಅದಕ್ಕೆ ಸ್ವಂತ ನಿಧಿಯ ಠರಾವು ಕೈಗೆ ಬರುವ ತನಕ ಟೆಂಡರ್ ಇಲ್ಲ.

ಮೇಲಿನವರಿಗೆ ಇದು ನಿಧಾನ ಎನಿಸುತ್ತದೆ. ಪರಿಶೀಲನಾ ಸಭೆಯಲ್ಲಿ ಕೇಳುವುದು ಖರ್ಚು ಎಷ್ಟು ಪರ್ಸೆಂಟ್ ಎಂಬುದೊಂದೇ. ವೀಲ್‌ಚೇರ್ ದಾಟುತ್ತದೆಯೇ ಎಂಬ ಕಾಲಂ ಆ ಫಾರ್ಮಿನಲ್ಲಿ ಇಲ್ಲವೇ ಇಲ್ಲ. ಅದನ್ನು ಸೇರಿಸಿ ಎಂದು ಮೂರು ಸಲ ಬರೆದಿದ್ದೇವೆ, ನಾಲ್ಕನೇ ಸಲವೂ ಬರೆಯುತ್ತೇವೆ.

ಮರು ತಪಾಸಣೆಯಲ್ಲಿ ಟೇಪ್ 1.81 ತೋರಿಸಿತು. ಎರಡನೇ ಕಂತು ಮುಂದಿನ ಆರ್ಥಿಕ ವರ್ಷಕ್ಕೆ ಹೋಯಿತು. ಕಂಟ್ರಾಕ್ಟರನ ಆರ್‌ಎ ಬಿಲ್ (ಕೆಲಸ ನಡೆದಂತೆ ಕೊಡುವ ಬಿಲ್) ಐದು ತಿಂಗಳು ನಿಂತಿತು. ಅಷ್ಟರಲ್ಲಿ ಗ್ಯಾಂಗಿನ ಅರ್ಧ ಜನ ಊರಿಗೆ ಹೋಗಿಬಿಟ್ಟಿದ್ದರು. ಮುಂದಿನ ರಸ್ತೆಯ ಸರ್ವೆಗೆ ಹೋದಾಗ ಟೇಪಿನ ಒಂದು ತುದಿ ಹಿಡಿದದ್ದು ಅದೇ ಮುಕಾದಮ. ಮೊದಲ ದಿನವೇ 27 ಡಬ್ಬಿ ಸಿಕ್ಕವು.